ಎಗ್ಮೋರಿನ ಗುಮಟವೂ ಪಂಚಾಂಗದ ಲೆಕ್ಕವೂ

ಎಗ್ಮೋರ್ ಎಂದೊಡನೆ ನಮ್ಮ ಸದಸ್ಯರಲ್ಲಿ ಬಹುಮಂದಿಗೆ ನೆನಪಾಗುವುದು ರೈಲು ನಿಲ್ದಾಣ; ಮಕ್ಕಳಿರುವ ಮನೆಯವರಿಗಾದರೆ ಮ್ಯೂಸಿಯಂ. ಕುಂಪಣಿ ಸರಕಾರದ ಕಾಲದಲ್ಲಿ ಇಲ್ಲಿ ಇಂಗ್ಲಿಷ್ ಅಧಿಕಾರಿಗಳ ತೋಟದ ಮನೆಗಳಿದ್ದವು. ಈ ಬಡಾವಣೆಗೆ ಇನ್ನೊಂದು ಇತಿಹಾಸವೂ ಉಂಟು. ಧರ್ಮಗ್ರಂಥ ಹೇಳುವ ಆಕಾಶ ಒಂದು, ದುರ್ಬೀನು ತೋರಿಸುವ ಆಕಾಶ ಇನ್ನೊಂದು. ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಂಡು ಬಾಳಬೇಕಾದವರು ಏನು ಮಾಡಿದರು ಎಂಬ ಪ್ರಶ್ನೆಗೆ ಈ ಒಂದೆರಡು ಮೈಲಿಯ ಸುತ್ತಿನಲ್ಲಿಯೇ ಹಲವು ಉತ್ತರಗಳು ಸಿಗುತ್ತವೆ. ಅವನ್ನು ಓದುಗರ ಮುಂದೆ ಇಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ಒಂದು ಕಟ್ಟಡದ ಮಾತು. ನಿಲ್ದಾಣದ ಹತ್ತಿರ, ಪೂನಮಲ್ಲಿ ಹೈರೋಡಿನ ಮಗ್ಗುಲಲ್ಲಿ ಬೆಳ್ಳಗೆ ಎದ್ದು ನಿಂತಿರುವ ಎತ್ತರದ ಶಿಖರದ ಇಗರ್ಜಿಯನ್ನು ಎಲ್ಲರೂ ನೋಡಿರುತ್ತಾರೆ. ಅದು ಸ್ಕಾಟ್ಲೆಂಡಿನವರು ತಮಗಾಗಿ ಕಟ್ಟಿಸಿಕೊಂಡ ಸೇಂಟ್ ಆಂಡ್ರೂಸ್ ಕರ್ಕ್. ೧೮೧೮ರಲ್ಲಿ ಅಡಿಗಲ್ಲು ಬಿದ್ದು, ೧೮೨೧ರಲ್ಲಿ ಪ್ರಾರ್ಥನೆ ಆರಂಭವಾಯಿತು. ಕಟ್ಟಿದಾತ ಥಾಮಸ್ ಫಿಯಟ್ ಡಿ ಹ್ಯಾವಿಲ್ಯಾಂಡ್. ಈತ ಕನ್ನಡಿಗರಿಗೆ ಅಪರಿಚಿತನಲ್ಲ. ಶ್ರೀರಂಗಪಟ್ಟಣದಲ್ಲಿ ೧೧೨ ಅಡಿ ಅಗಲದ ಒಂದೇ ಇಟ್ಟಿಗೆಯ ಕಮಾನನ್ನು ಎತ್ತಿ ನಿಲ್ಲಿಸಿ, ಕಾವೇರಿಗೆ ಇಂಥ ಕಮಾನುಗಳ ಸೇತುವೆ ಸಾಧ್ಯವೆಂದು ಮೇಲಧಿಕಾರಿಗಳಿಗೆ ತೋರಿಸಹೊರಟವನು ಇವನೇ. ಆ ಕಮಾನು ನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿದ್ದು ಕಳೆದ ಶತಮಾನದಲ್ಲಿ ಬಿದ್ದುಹೋಯಿತು; ನಮ್ಮ ಹಿರಿಯರಲ್ಲಿ ಅದರ ಫೋಟೋ ನೋಡಿದವರು ಇರಬಹುದು. ಎಗ್ಮೋರಿನ ಜೌಗು ನೆಲ ಭಾರ ತಾಳದೆಂದು ಆತ ಇಲ್ಲಿ ಬಾವಿ ತೋಡಿಸಿ, ಸುಟ್ಟ ಮಣ್ಣಿನ ಬಳೆಗಳನ್ನು ಇಳಿಸಿ, ಅದರ ಮೇಲೆ ತಳಪಾಯ ಹಾಕಿಸಿದನು. ಇದು ನಮ್ಮ ಕಡೆಯ ಬಾವಿ ತೋಡುವವರ ಹಳೆಯ ಉಪಾಯವೇ.

ಒಳಗೆ ಹೋಗಿ ತಲೆಯೆತ್ತಿ ನೋಡಬೇಕು. ದುಂಡಗಿನ ಮಂದಿರ, ಸುತ್ತ ೧೬ ಕಂಬಗಳು, ಅವುಗಳ ಮೇಲೆ ಐವತ್ತು ಅಡಿಗೂ ಮಿಕ್ಕ ಅಡ್ಡಳತೆಯ ಗುಮಟ. ಅದಕ್ಕೆ ಕಡುನೀಲಿ ಬಣ್ಣ ಬಳಿದು ಚಿನ್ನದ ಬಣ್ಣದ ನಕ್ಷತ್ರಗಳನ್ನು ಚಿತ್ರಿಸಿದ್ದಾರೆ. ಸ್ಕಾಟ್ಲೆಂಡಿನ ಆಕಾಶದ ನಕ್ಷತ್ರಗಳು ಅವು ಎಂದು ಹೇಳುವುದುಂಟು. ಪರವೂರಿಗೆ ಬಂದವರು ತಮ್ಮ ಊರಿನ ಆಕಾಶವನ್ನೇ ಮಾಳಿಗೆಗೆ ಬಳಿಸಿಕೊಂಡರೆಂಬುದು ನಮ್ಮಂಥವರಿಗೆ ಚೆನ್ನಾಗಿಯೇ ಅರ್ಥವಾಗುವ ಮಾತು.

ಈ ಗುಮಟ ಬರಿಯ ಅಲಂಕಾರವಲ್ಲ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿ ದೇವರು ಎರಡನೆಯ ದಿನ ನೀರುಗಳ ನಡುವೆ ಒಂದು ತಡೆಯನ್ನು ನಿರ್ಮಿಸಿ ಅದಕ್ಕೆ ಆಕಾಶವೆಂದು ಹೆಸರಿಟ್ಟ ಕಥೆಯಿದೆ. ಮೇಲೆ ನೀರು, ಕೆಳಗೆ ನೀರು, ನಡುವೆ ಗಟ್ಟಿಯಾದ ಹೊದಿಕೆ. ಮೂಲ ಹೀಬ್ರೂ ಪದವು ಲೋಹವನ್ನು ಬಡಿದು ತಗಡು ಮಾಡುವ ಕ್ರಿಯೆಗೆ ಸಂಬಂಧಪಟ್ಟದ್ದು. ಗ್ರೀಕರೂ ಲ್ಯಾಟಿನ್ನಿನವರೂ ಅದನ್ನು 'ಗಟ್ಟಿಯಾದದ್ದು' ಎಂಬರ್ಥದ ಪದಗಳಿಂದ ಅನುವಾದಿಸಿದರು. ನಮ್ಮ ಕ್ರೈಸ್ತ ಬಾಂಧವರು ಓದುವ ಕನ್ನಡ ಸತ್ಯವೇದದಲ್ಲಿ ಆ ಸ್ಥಳದಲ್ಲಿ ಇರುವ ಪದ ಯಾವುದು ಗೊತ್ತೆ? ಗುಮಟ! ಬೈಬಲನ್ನು ಕನ್ನಡಕ್ಕೆ ತರುವ ಕೆಲಸ, ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರ ಕೈಯಲ್ಲಿ ಆರಂಭವಾಗಿ, ಆಮೇಲೆ ಬಾಸೆಲ್ ಮಿಷನ್ನಿನ ಪಂಡಿತರ ಕೈಯಲ್ಲಿ ತಿದ್ದುಪಡಿ ಕಂಡಿತು. ಆಕಾಶ, ಗಗನ, ಅಂತರಿಕ್ಷ ಎಂದು ಎಷ್ಟು ಬೇಕಾದರೂ ಪದಗಳಿದ್ದ ಭಾಷೆಯಲ್ಲಿ, ಪಾರಸಿಯಿಂದ ಬಂದು ಬಿಜಾಪುರದ ಗೋಲಗುಮ್ಮಟದಿಂದ ಮನೆಮಾತಾದ ಪದವೊಂದು ಇಲ್ಲಿ ಉಳಿದುಕೊಂಡಿದೆ. ಇದು ನಮಗೆ ಪ್ರಾಮಾಣಿಕ ಅನುವಾದವಾಗಿ ತೋರುತ್ತದೆ. 'ಅಂತರಿಕ್ಷ' ಎಂದು ಬರೆದಿದ್ದರೆ ಇಂದಿನ ವಿಜ್ಞಾನಕ್ಕೆ ತುಸು ಹತ್ತಿರವಾಗಿ ಕಾಣುತ್ತಿತ್ತು. ಆದರೆ ಎರಡೂವರೆ ಸಾವಿರ ವರ್ಷಗಳ ಹಿಂದಿನ ಹೀಬ್ರೂ ಮನುಷ್ಯ ತಲೆಯೆತ್ತಿದಾಗ ಕಂಡದ್ದು ಗುಮಟವನ್ನೇ.

ಈಗ ಇದೇ ಎಗ್ಮೋರಿನ ಇನ್ನೊಂದು ಸಂಗತಿ. ಕರ್ಕಿನ ಅಡಿಗಲ್ಲಿಗೆ ಮೂವತ್ತೆರಡು ವರ್ಷ ಮೊದಲು, ೧೭೮೬ರಲ್ಲಿ, ವಿಲಿಯಂ ಪೆಟ್ರಿ ಎಂಬ ಕುಂಪಣಿ ಅಧಿಕಾರಿ ಎಗ್ಮೋರಿನಲ್ಲಿ ಸ್ವಂತ ಖರ್ಚಿನಿಂದ ಒಂದು ವೇಧಶಾಲೆಯನ್ನು ಹೂಡಿದನು. ಆತನ ಉಪಕರಣಗಳೇ ಮುಂದೆ ಕುಂಪಣಿಯ ಕೈಸೇರಿ, ೧೭೯೨ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಿದ ಮದರಾಸು ವೇಧಶಾಲೆಗೆ ಮೂಲವಾದವು. ವಿಲಿಯಂ ಲ್ಯಾಂಬ್ಟನ್ ೧೮೦೨ರಲ್ಲಿ ಸೇಂಟ್ ಥಾಮಸ್ ಮೌಂಟಿನ ಬಳಿ ಏಳೂವರೆ ಮೈಲಿಯ ಆಧಾರರೇಖೆ ಎಳೆದು ಇಂಡಿಯಾ ದೇಶವನ್ನೇ ಅಳೆಯಲು ಹೊರಟಾಗ, ಆ ಅಳತೆಗೆ ಆಸರೆಯಾದದ್ದು ಈ ವೇಧಶಾಲೆಯ ರೇಖಾಂಶ. ಲ್ಯಾಂಬ್ಟನ್ ಕೈ ಪಳಗಿಸಿಕೊಂಡದ್ದು ಅದಕ್ಕೂ ಮುಂಚೆ, ೧೮೦೦ರಲ್ಲಿ, ನಮ್ಮ ಬೆಂಗಳೂರಿನ ಬಯಲಿನಲ್ಲಿ.

ಒಂದೇ ಬಡಾವಣೆಯಲ್ಲಿ ಗುಮಟವೂ ಬಂತು, ದುರ್ಬೀನೂ ಬಂತು. ಭಾನುವಾರ ಗುಮಟದ ಕೆಳಗೆ ಕೂತು ಆದಿಕಾಂಡ ಕೇಳಿದ ದೊರೆಯೇ ಸೋಮವಾರ ಸರ್ವೆ ನಕ್ಷೆ ಬಿಡಿಸಬಹುದಾಗಿತ್ತು. ಅವನಿಗೆ ತಲೆ ಬಿಸಿಯಾಗಲಿಲ್ಲವೆ?

ಆಕಾಶದ ಮಟ್ಟಿಗೆ ಅಷ್ಟೇನೂ ಆಗಿರಲಾರದು, ಏಕೆಂದರೆ ಆ ಜಗಳ ಯೂರೋಪಿನಲ್ಲಿ ಅಷ್ಟರಲ್ಲಿ ಹಳತಾಗಿತ್ತು. ಕರ್ಕಿನವರ ಸಂಪ್ರದಾಯಕ್ಕೆ ಮೂಲಪುರುಷನಾದ ಜಾನ್ ಕ್ಯಾಲ್ವಿನ್ ೧೫೫೪ರಲ್ಲಿಯೇ ಆದಿಕಾಂಡಕ್ಕೆ ವ್ಯಾಖ್ಯಾನ ಬರೆಯುತ್ತ ಒಂದು ತೊಡಕನ್ನು ಎತ್ತಿಕೊಂಡಿದ್ದನು. ಗ್ರಂಥದಲ್ಲಿ ಚಂದ್ರನು ಎರಡು ದೊಡ್ಡ ಬೆಳಕುಗಳಲ್ಲೊಂದು. ಜ್ಯೋತಿಷಿಗಳ ಲೆಕ್ಕದಲ್ಲಾದರೋ ಶನಿಗ್ರಹ ಚಂದ್ರನಿಗಿಂತ ಎಷ್ಟೋ ದೊಡ್ಡದು. ಕ್ಯಾಲ್ವಿನ್ನನ ಸಮಾಧಾನ ಇಷ್ಟು: ಮೋಶೆ ಬರೆದದ್ದು ಸಾಮಾನ್ಯ ಜನರ ಕಣ್ಣಿಗೆ ಕಾಣುವಂತೆ, ಜ್ಯೋತಿಶ್ಶಾಸ್ತ್ರ ಕಲಿಯಬೇಕಾದವನು ಬೇರೆ ಕಡೆ ಹೋಗಿ ಕಲಿಯಲಿ. ೧೬೧೫ರಲ್ಲಿ ಗೆಲಿಲಿಯೋ, ಟಸ್ಕನಿಯ ಡಚೆಸ್ ಕ್ರಿಸ್ಟೀನಳಿಗೆ ಬರೆದ ದೀರ್ಘ ಪತ್ರದಲ್ಲಿ ಹೆಚ್ಚುಕಡಿಮೆ ಇದೇ ವಾದವನ್ನು ಹೂಡಿದನು. ಯೆಹೋಶುವನ ಯುದ್ಧದಲ್ಲಿ ಸೂರ್ಯ ನಿಂತನೆಂದು ಬರೆದಿದ್ದರೆ ಅದರಿಂದ ಸೂರ್ಯನು ಭೂಮಿಯನ್ನು ಸುತ್ತುತ್ತಾನೆಂದು ಸಿದ್ಧವಾಗದು ಎಂಬುದು ಅವನ ನಿಲುವು. ರೋಮಿನ ನ್ಯಾಯಪೀಠ ಒಪ್ಪಲಿಲ್ಲ. ೧೬೩೩ರಲ್ಲಿ ವಿಚಾರಣೆ ನಡೆದು ಗೃಹಬಂಧನವಾಯಿತು. ಆದರೂ ನೂರು ವರ್ಷ ಕಳೆಯುವುದರೊಳಗೆ ಕ್ರೈಸ್ತ ಜಗತ್ತಿನ ಓದುಬಲ್ಲವರು ಕ್ರಮೇಣ ಆ ದಾರಿಗೇ ಬಂದರು. ಸೂರ್ಯ ಹುಟ್ಟಿದ, ಸೂರ್ಯ ಮುಳುಗಿದ ಎಂದು ನಾವೂ ಹೇಳುತ್ತೇವೆ, ವೇಧಶಾಲೆಯವರೂ ಹೇಳುತ್ತಾರೆ; ಅದಕ್ಕಾಗಿ ಯಾರೂ ಯಾರನ್ನೂ ಸುಳ್ಳುಗಾರ ಎನ್ನುವುದಿಲ್ಲ.

ಕಷ್ಟವಾದದ್ದು ನೆಲದ ವಿಷಯದಲ್ಲಿ. ಐರ್ಲೆಂಡಿನ ಬಿಷಪ್ ಜೇಮ್ಸ್ ಅಷರ್ ೧೬೫೦ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿಸಿ, ಸೃಷ್ಟಿ ನಡೆದದ್ದು ಕ್ರಿ.ಪೂ. ೪೦೦೪ರಲ್ಲಿ ಎಂದು ಗಣಿಸಿದ್ದನು. ಆ ಅಂಕಿ ಎಷ್ಟೋ ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ ಅಚ್ಚಾಗಿ ಪಾಠಕ್ಕೇ ಸಮನಾದ ಗೌರವ ಪಡೆಯಿತು. ಆದರೆ ತಿರುಚಿನಾಪಳ್ಳಿ, ಅರಿಯಲೂರು ಕಡೆಯ ಸುಣ್ಣಕಲ್ಲಿನಲ್ಲಿ ಕಡಲ ಶಂಖಗಳ ಶಿಲಾರೂಪಗಳು ರಾಶಿರಾಶಿಯಾಗಿ ಸಿಕ್ಕತೊಡಗಿದವು. ಎಡ್ವರ್ಡ್ ಬಾಲ್ಫರ್ ೧೮೫೧ರಲ್ಲಿ ಆರಂಭಿಸಿದ ಸರಕಾರಿ ಮ್ಯೂಸಿಯಂ ಮೂರು ವರ್ಷಗಳಲ್ಲಿ ಎಗ್ಮೋರಿನ ಪ್ಯಾಂಥಿಯನ್ ಕಟ್ಟಡಕ್ಕೆ ಬಂದಿತು. ಅಲ್ಲಿ ಕಲ್ಲಾದ ಮರದ ಕೊರಡುಗಳನ್ನು ನೋಡಿದವನಿಗೆ ಆರು ಸಾವಿರ ವರ್ಷ ಸಾಲದೆಂಬ ಅನುಮಾನ ಬಾರದೆ ಇರಲಾರದು. ಅರಿಯಲೂರಿನ ಆ ಶಂಖಗಳಿಗೆ ಇಂದಿನ ಲೆಕ್ಕದಲ್ಲಿ ಏಳರಿಂದ ಹತ್ತು ಕೋಟಿ ವರ್ಷ ವಯಸ್ಸು.

ಸಮನ್ವಯಕ್ಕೆ ಮುಂದೆ ಬಂದವರಲ್ಲಿ ಸ್ಕಾಟ್ಲೆಂಡಿನವರೇ ಮುಖ್ಯರು. ಥಾಮಸ್ ಚಾಮರ್ಸ್ ಎಂಬ ಪಾದ್ರಿ ೧೮೧೪ರಲ್ಲಿ, ಆದಿಕಾಂಡದ ಮೊದಲ ವಚನಕ್ಕೂ ಎರಡನೆಯದಕ್ಕೂ ನಡುವೆ ಎಷ್ಟು ಯುಗಗಳು ಬೇಕಾದರೂ ಕಳೆದಿರಬಹುದೆಂದನು. ಕಲ್ಲುಕುಟಿಗನಾಗಿ ಬಾಳು ಆರಂಭಿಸಿದ ಹ್ಯೂ ಮಿಲ್ಲರ್, ಒಂದೊಂದು 'ದಿನ'ವೂ ಒಂದೊಂದು ಮಹಾಯುಗವೆಂದನು. ಅವನ ಪುಸ್ತಕ ಹೊರಬಂದದ್ದು ೧೮೫೭ರಲ್ಲಿ. ಈ ಎರಡು ವಿವರಣೆಗಳೂ ಒಂದನ್ನೊಂದು ಒಪ್ಪುವುದಿಲ್ಲ ಎಂಬುದನ್ನು ಗಮನಿಸಬೇಕು. ಎರಡರಲ್ಲಿಯೂ ಶಿಲೆ ಹೇಳಿದ್ದನ್ನು ಮೊದಲು ಕೇಳಿ, ಆಮೇಲೆ ವಚನವನ್ನು ಎಳೆದು ಅದರ ಅಳತೆಗೆ ಸರಿಮಾಡಲಾಗಿದೆ.

ಇಂಡಿಯಾದಲ್ಲಿ ಈ ವಿಷಯವನ್ನು ಎತ್ತಿಕೊಂಡವರಲ್ಲಿ ಗಮನಿಸಬೇಕಾದವರು ಕಲ್ಕತ್ತೆಯ ಆರ್ಚ್‌ಡೀಕನ್ ಜಾನ್ ಹೆನ್ರಿ ಪ್ರ್ಯಾಟ್. ಶ್ರೇಷ್ಠ ಗಣಿತಜ್ಞರು, ದೊಡ್ಡ ಪಾದ್ರಿ. ಶ್ರುತಿಗೂ ವಿಜ್ಞಾನಕ್ಕೂ ವಿರೋಧವಿಲ್ಲವೆಂದು ಸಾಧಿಸುವ ಅವರ ಪುಸ್ತಕ ೧೮೫೬ರಲ್ಲಿ ಹೊರಬಂದು ಹಲವು ಮುದ್ರಣಗಳನ್ನು ಕಂಡಿತು. ಆದರೆ ಅವರ ಹೆಸರು ಇಂದಿಗೂ ಉಳಿದಿರುವುದು ಅದರಿಂದಲ್ಲ, ಒಂದು ತೂಗುಗುಂಡಿನಿಂದ.

ಮದರಾಸಿನಲ್ಲಿ ಹೊರಟ ಲ್ಯಾಂಬ್ಟನ್ನನ ಸರ್ವೆ ಉತ್ತರಕ್ಕೆ ಸಾಗಿ, ಜಾರ್ಜ್ ಎವರೆಸ್ಟನ ಕಾಲಕ್ಕೆ ಹಿಮಾಲಯದ ಬುಡವನ್ನು ಮುಟ್ಟಿತು. ಕಲ್ಯಾಣಪುರ, ಕಲಿಯಾನಾ ಎಂಬ ಎರಡು ಠಾಣ್ಯಗಳ ನಡುವಣ ಅಂತರವನ್ನು ನೆಲದ ಮೇಲೆ ತ್ರಿಕೋನಗಳಿಂದ ಅಳೆದರೆ ಒಂದು ಉತ್ತರ. ನಕ್ಷತ್ರಗಳನ್ನು ನೋಡಿ ಅಳೆದರೆ ಇನ್ನೊಂದು. ವ್ಯತ್ಯಾಸ ೫.೨೩೬ ಸೆಕೆಂಡು ಕೋನ, ಅಂದರೆ ನೆಲದ ಮೇಲೆ ಐನೂರು ಅಡಿಗೆ ಮಿಗಿಲು. ಗಾರೆಯವರು ಗೋಡೆಯ ನೇರ ನೋಡಲು ಇಳಿಬಿಡುವ ತೂಗುಗುಂಡಿನಂಥದೇ ಗುಂಡು ಸರ್ವೆಯವರ ಯಂತ್ರದಲ್ಲಿಯೂ ಇರುತ್ತದೆ. ಹಿಮಾಲಯದ ರಾಶಿ ಆ ಗುಂಡನ್ನು ತನ್ನ ಕಡೆಗೆ ಸೆಳೆದಿರಬೇಕೆಂದು ಊಹಿಸಿ ಪ್ರ್ಯಾಟ್ ಲೆಕ್ಕ ಹಾಕಿದರು. ಬಂದ ಉತ್ತರ ೧೫.೮೮೫ ಸೆಕೆಂಡು! ಬೇಕಾದದ್ದಕ್ಕಿಂತ ಮೂರು ಪಟ್ಟು. ಅಷ್ಟು ದೊಡ್ಡ ಪರ್ವತ ಎಷ್ಟು ಸೆಳೆಯಬೇಕೋ ಅಷ್ಟು ಸೆಳೆಯುತ್ತಿಲ್ಲ.

ಪ್ರ್ಯಾಟ್ ಏನು ಮಾಡಿದರು? ಹೊಂದದ ಅಂಕಿಯನ್ನು ಹೊಂದದಂತೆಯೇ ೧೮೫೫ರಲ್ಲಿ ಅಚ್ಚುಹಾಕಿಸಿದರು. ಅದನ್ನು ನೋಡಿದ ಜಾರ್ಜ್ ಏರಿ, ಪರ್ವತಗಳಿಗೆ ನೆಲದೊಳಗೆ ಹಗುರ ಬಂಡೆಯ ಬೇರುಗಳಿರಬೇಕು, ನೀರಿನ ಮೇಲೆ ಮರದ ದಿಮ್ಮಿ ತೇಲುವಂತೆ ಅವು ತೇಲುತ್ತಿವೆ ಎಂದನು. ಪ್ರ್ಯಾಟ್ ಅವರೂ ೧೮೫೯ರಲ್ಲಿ ಬೇರೊಂದು ವಿವರಣೆ ಕೊಟ್ಟರು. ಭೂಗರ್ಭಶಾಸ್ತ್ರದಲ್ಲಿ ಭೂಪದರದ ಸಮತೋಲವೆಂದು ಓದಿಸುವ ತತ್ತ್ವ ಹುಟ್ಟಿದ್ದು ಈ ಮೂರು ಪಟ್ಟಿನ ತಪ್ಪುಲೆಕ್ಕದಿಂದ. ತೂಗುಗುಂಡಿನ ಮುಂದೆ ಅಷ್ಟು ತಾಳ್ಮೆ ತೋರಿದ ಇದೇ ವಿದ್ವಾಂಸರು ಆದಿಕಾಂಡದ ಮುಂದೆ ಕೂತಾಗ ಮಾತ್ರ ಯಾವ ಅಂಕಿಯೂ ಹೊಂದದೆ ಉಳಿಯಲು ಬಿಡಲಿಲ್ಲ. ಡಾರ್ವಿನ್ನನ ಪುಸ್ತಕ ೧೮೫೯ರಲ್ಲಿ ಬಂದಾಗ ಅವರು ಅದನ್ನು ವಿರೋಧಿಸುವವರ ಸಾಲಿನಲ್ಲಿ ನಿಂತರು. ಅವರ ಭಕ್ತಿಯಲ್ಲಿ ನಮಗೆ ಸಂದೇಹವಿಲ್ಲ. ಆದರೆ ಗ್ರಂಥವನ್ನು ಅಳತೆಯ ಪಟ್ಟಿಯಂತೆ ಓದಿದಲ್ಲಿ ಒಂದು ಅಂಕಿ ತಪ್ಪಿದರೂ ಇಡೀ ಗ್ರಂಥ ತಪ್ಪುವ ಭಯ ಬೆನ್ನು ಹತ್ತುತ್ತದೆ. ಕ್ಯಾಲ್ವಿನ್ನನಿಗೆ ಚಂದ್ರನ ವಿಷಯದಲ್ಲಿ ಆ ಭಯವಿರಲಿಲ್ಲ.

ಎಗ್ಮೋರಿಗೆ ಮರಳೋಣ. ಕರ್ಕಿನ ಪಾದ್ರಿಗಳಾದ ಲಾರಿ ಮತ್ತು ಬೋವಿ ಎಂಬಿಬ್ಬರು ೧೮೩೫ರಲ್ಲಿ ಇಲ್ಲಿ ಒಂದು ಸಣ್ಣ ಶಾಲೆ ತೆರೆದರು. ೧೮೩೭ರಲ್ಲಿ ಸ್ಕಾಟ್ಲೆಂಡಿನಿಂದ ಜಾನ್ ಆಂಡರ್ಸನ್ ಬಂದು ಅದನ್ನು ವಹಿಸಿಕೊಂಡನು. ಮುಂದೆ ಮದರಾಸ್ ಕ್ರಿಶ್ಚಿಯನ್ ಕಾಲೇಜಾಗಿ ಬೆಳೆದು, ೧೯೩೭ರಲ್ಲಿ ತಾಂಬರಕ್ಕೆ ಹೋದ ಸಂಸ್ಥೆಯ ಬೇರು ಇದು. ಇಂಥ ಶಾಲೆಗಳ ಹಿಂದೆ, ಕಲ್ಕತ್ತೆಯಲ್ಲಿ ಅಲೆಕ್ಸಾಂಡರ್ ಡಫ್ ೧೮೩೦ರಲ್ಲಿ ತೋರಿಸಿದ ಒಂದು ಯೋಚನೆಯಿತ್ತು. ಹುಡುಗರಿಗೆ ಭೂಗೋಳ, ಖಗೋಳ ಕಲಿಸಿದರೆ ಸಾಕು. ಮೇರುಪರ್ವತ, ಕ್ಷೀರಸಮುದ್ರ, ರಾಹುಕೇತುಗಳೆಲ್ಲ ತಾವಾಗಿಯೇ ಬಿದ್ದುಹೋಗಿ, ಅವುಗಳ ಜೊತೆಗೆ ಹಿಂದೂ ಮತವೂ ಬಿದ್ದುಹೋಗುವುದು ಎಂಬ ನಂಬಿಕೆ. ತಮ್ಮ ಮನೆಯ ಗುಮಟಕ್ಕೂ ಅದೇ ಭೂಗೋಳ ತಗಲುತ್ತದೆಂಬುದು ಅವರಿಗೆ ತಿಳಿದಿರಲಿಲ್ಲವೆಂದಲ್ಲ. ಅಲ್ಲಿ ಅದು ಕವಿವಾಣಿ, ಇಲ್ಲಿ ಮಾತ್ರ ಮೂಢನಂಬಿಕೆ ಎಂಬ ತೀರ್ಮಾನ ಸುಲಭವಾಗಿತ್ತು, ಅಷ್ಟೆ.

ಹೋಗಲಿ, ನಮ್ಮವರು ಏನು ಮಾಡಿದ್ದರು? ಇದೇ ತೊಡಕು ನಮ್ಮಲ್ಲಿ ಬೈಬಲಿನ ಜಗಳಕ್ಕಿಂತ ಸಾವಿರ ವರ್ಷ ಹಳೆಯದು. ಆರ್ಯಭಟನು ಕ್ರಿ.ಶ. ೪೯೯ರಲ್ಲಿ ಗ್ರಹಣವೆಂದರೆ ನೆರಳು, ಚಂದ್ರನನ್ನು ಮುಚ್ಚುವುದು ಭೂಮಿಯ ನೆರಳು ಎಂದು ಸ್ಪಷ್ಟವಾಗಿ ಹೇಳಿದನು. ಬ್ರಹ್ಮಗುಪ್ತನು ೬೨೮ರಲ್ಲಿ, ರಾಹುವನ್ನು ತಳ್ಳಿಹಾಕಿದರೆ ವೇದಸ್ಮೃತಿಗಳಿಗೆ ವಿರೋಧವಾಗುವುದೆಂದು ಆಕ್ಷೇಪಿಸಿದನು. ಆದರೆ ಗ್ರಹಣವನ್ನು ಗಣಿಸುವಾಗ ಅವನೂ ಗಣಿಸಿದ್ದು ನೆರಳನ್ನೇ. ಸುಮಾರು ೧೦೩೦ರಲ್ಲಿ ಹಿಂದೂಸ್ಥಾನದ ಬಗ್ಗೆ ಬರೆದ ಅಲ್‌ಬಿರೂನಿ ಇದನ್ನು ಕಂಡು ಬೆರಗಾಗಿ, ಇಷ್ಟು ಬಲ್ಲವನು ಹೀಗೇಕೆ ಮಾತಾಡಿದನೆಂದು ಯೋಚಿಸಿದ್ದಾನೆ. ಪಾಪ, ಲೋಕಭಯ ಕಾರಣವಿರಬೇಕೆಂದು ಅವನ ಊಹೆ. ಭಾಸ್ಕರಾಚಾರ್ಯನು (ಅವನ ವಿಜ್ಜಡವಿಡ ನಮ್ಮ ಬಿಜಾಪುರವೇ ಎಂಬ ವಾದ ಇನ್ನೂ ತೀರಿಲ್ಲ) ೧೧೫೦ರ ಸಿದ್ಧಾಂತ ಶಿರೋಮಣಿಯಲ್ಲಿ ಜಾಣ ಸಮಾಧಾನವೊಂದನ್ನು ಕೊಟ್ಟನು. ಮುಚ್ಚುವುದು ನೆರಳೇ, ಆದರೆ ಬ್ರಹ್ಮನ ವರದಿಂದ ರಾಹುವು ಆ ಹೊತ್ತಿಗೆ ನೆರಳಿನೊಳಗೆ ಹೊಗುತ್ತಾನೆ! ಪುರಾಣವೂ ಉಳಿಯಿತು, ಗಣಿತವೂ ಕೆಡಲಿಲ್ಲ. ಆದರೆ ಭೂಮಿಯನ್ನು ಹಾವು, ಆಮೆ ಹೊತ್ತಿವೆ ಎಂಬಲ್ಲಿ ಅವನು ರಾಜಿಯಾಗಲಿಲ್ಲ. ಹೊತ್ತವನನ್ನು ಹೊರುವವನು ಯಾರು, ಅವನನ್ನು ಹೊರುವವನು ಯಾರು ಎಂದು ಕೇಳಿದರೆ ಕೊನೆಯಿಲ್ಲವೆಂದು ಅವನ ತರ್ಕ.

ಈ ಬಗೆಯ ಸಮಾಧಾನಕ್ಕೆ ತೆತ್ತ ಬೆಲೆಯೂ ಇದೆ. ಲೆಕ್ಕವೂ ಮಂತ್ರದಂತೆ ಬಾಯಿಪಾಠವಾಯಿತು. ಮದರಾಸು ವೇಧಶಾಲೆಯನ್ನು ಕೆಲಕಾಲ ನೋಡಿಕೊಂಡ ಜಾನ್ ವಾರೆನ್ ಎಂಬಾತ (೧೮೦೨ರಲ್ಲಿ ಕೋಲಾರದ ಮಣ್ಣಿನಲ್ಲಿ ಚಿನ್ನವಿರುವುದನ್ನು ಸರಕಾರಕ್ಕೆ ವರದಿ ಮಾಡಿದಾತನೂ ಈತನೇ) ನಮ್ಮ ಕಾಲಗಣನೆಯ ಬಗ್ಗೆ 'ಕಾಲಸಂಕಲಿತ' ಎಂಬ ದೊಡ್ಡ ಇಂಗ್ಲಿಷ್ ಗ್ರಂಥವನ್ನು ೧೮೨೫ರಲ್ಲಿ ಪ್ರಕಟಿಸಿದನು. ಪಾಂಡಿಚೇರಿಯಲ್ಲಿ ಅವನಿಗೆ ಒಬ್ಬ ಪಂಚಾಂಗಕಾರ ಸಿಕ್ಕಿದ. ಕಾಗದವಿಲ್ಲ, ಲೇಖನಿಯಿಲ್ಲ; ನೆಲದ ಮೇಲೆ ಕವಡೆ ಜೋಡಿಸುತ್ತ, ವಾಕ್ಯಗಳನ್ನು ಗುನುಗುತ್ತ, ಅದೇ ವರ್ಷದ ಮೇ ೩೧ರ ಚಂದ್ರಗ್ರಹಣವನ್ನು ಗಣಿಸಿಕೊಟ್ಟನು. ಸ್ಪರ್ಶಕಾಲಕ್ಕೆ ತಪ್ಪಿದ್ದು ೪ ನಿಮಿಷ, ಮಧ್ಯಕಾಲಕ್ಕೆ ೨೩, ಮೋಕ್ಷಕಾಲಕ್ಕೆ ೫೨ ನಿಮಿಷ. ಸಾವಿರಾರು ವರ್ಷ ಬಾಯಿಂದ ಬಾಯಿಗೆ ಬಂದ ಲೆಕ್ಕ ಅಷ್ಟು ಹತ್ತಿರ ಬಂದದ್ದು ಅದ್ಭುತವೇ ಸರಿ. ಆದರೆ ಗ್ರಹಣ ಏಕಾಗುತ್ತದೆ ಎಂಬ ಶಾಸ್ತ್ರ ಆತನಿಗೆ ತಿಳಿದಿರಲಿಲ್ಲ. ತಪ್ಪು ಎಲ್ಲಿ ಸೇರಿತೆಂದು ಹುಡುಕುವ ದಾರಿಯೂ ಇರಲಿಲ್ಲ.

ಆ ದಾರಿಯನ್ನು ಹಿಡಿದವರು ಚಿಂತಾಮಣಿ ರಘುನಾಥಾಚಾರ್ಯರು. ಪಂಚಾಂಗಕಾರರ ಮನೆತನದವರು. ಚಿಕ್ಕ ವಯಸ್ಸಿನಲ್ಲಿಯೇ ನುಂಗಂಬಾಕ್ಕಂ ವೇಧಶಾಲೆಗೆ ಸೇರಿ, ನಾರ್ಮನ್ ಪಾಗ್ಸನ್ನನ ಕೈಕೆಳಗೆ ಪ್ರಥಮ ಸಹಾಯಕರಾದರು. ೧೮೬೭ರಲ್ಲಿ ರೆಟಿಕ್ಯುಲಂ ಎಂಬ ದಕ್ಷಿಣದ ನಕ್ಷತ್ರಪುಂಜದಲ್ಲಿ, ಬೆಳಕು ಏರಿಳಿಯುವ ಒಂದು ನಕ್ಷತ್ರವನ್ನು ಕಂಡುಹಿಡಿದರು. ೧೮೬೮ರ ಆಗಸ್ಟ್ ೧೮ರ ಪೂರ್ಣ ಸೂರ್ಯಗ್ರಹಣಕ್ಕೆ ವನಪರ್ತಿಗೆ ಹೋದ ತಂಡದ ಮುಂದಾಳು ಇವರೇ. ೧೮೭೨ರಲ್ಲಿ ಲಂಡನ್ನಿನ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು. ಇಷ್ಟೆಲ್ಲ ಇಂಗ್ಲಿಷ್ ಗೌರವ ಬಂದರೂ ಅವರ ಮನಸ್ಸು ಇದ್ದದ್ದು ಮನೆಮನೆಯ ಪಂಚಾಂಗದಲ್ಲಿ. ೧೮೬೦ರ ದಶಕದ ಕೊನೆಯಿಂದ ಅವರು ದೃಗ್ಗಣಿತ ಪಂಚಾಂಗವನ್ನು ಪ್ರಕಟಿಸತೊಡಗಿದರು. ಕಣ್ಣಿಗೆ ಕಂಡದ್ದಕ್ಕೆ ಸರಿಹೊಂದುವ ಲೆಕ್ಕ ದೃಗ್ಗಣಿತ. ಹೆಸರು ಅವರು ಹುಟ್ಟಿಸಿದ್ದಲ್ಲ. ಕೇರಳದ ಪರಮೇಶ್ವರನು ೧೪೩೧ರಲ್ಲಿಯೇ ಆ ಹೆಸರಿನ ಗ್ರಂಥ ಬರೆದು, ಆಕಾಶವನ್ನು ನೋಡಿ ಹಳೆಯ ಅಂಕಿಗಳನ್ನು ತಿದ್ದಿದ್ದನು.

ತಿದ್ದುವುದು ಏನಿತ್ತು ಎಂದು ಕೇಳಬಹುದು. ಸೂರ್ಯಸಿದ್ಧಾಂತದ ವರ್ಷ ನಿಜವಾದ ನಾಕ್ಷತ್ರವರ್ಷಕ್ಕಿಂತ ಮೂರೂವರೆ ನಿಮಿಷದಷ್ಟು ಉದ್ದ. ವರ್ಷಕ್ಕೆ ಮೂರೂವರೆ ನಿಮಿಷ ಯಾರ ಗಮನಕ್ಕೂ ಬಾರದು; ಸಾವಿರ ವರ್ಷಕ್ಕೆ ಎರಡು ದಿನ ಮೀರುತ್ತದೆ. ಚಂದ್ರನ ಲೆಕ್ಕವಾದರೆ ಇನ್ನೂ ಸೂಕ್ಷ್ಮ. ಹಳೆಯ ವಾಕ್ಯ ಪಂಚಾಂಗಕ್ಕೂ ದೃಕ್ ಪಂಚಾಂಗಕ್ಕೂ ತಿಥಿಯ ಕೊನೆಯಲ್ಲಿ ಗಂಟೆಗಟ್ಟಲೆ ವ್ಯತ್ಯಾಸ ಬರುವುದುಂಟು. ಏಕಾದಶಿ ಯಾವ ದಿನ, ತಂದೆಯ ಶ್ರಾದ್ಧ ಯಾವ ದಿನ ಎಂಬುದು ಈ ಗಂಟೆಗಳ ಮೇಲೆ ನಿಂತ ಪ್ರಶ್ನೆ. ಎರಡು ಊರಿನ ಪಂಚಾಂಗ ಇಟ್ಟುಕೊಂಡ ನಮ್ಮ ಮದರಾಸಿನ ಮನೆಗಳಲ್ಲಿ ಇದು ಎಷ್ಟು ಸಲ ಮನಸ್ತಾಪಕ್ಕೆ ಕಾರಣವಾಗಿದೆಯೆಂದು ಹೇಳಬೇಕಾಗಿಲ್ಲ. ಅತ್ತೆಯವರದು ಊರಿನ ಪಂಚಾಂಗ, ಇಲ್ಲಿನ ಪುರೋಹಿತರದು ಇಲ್ಲಿಯದು. ನಡುವೆ ಉಪವಾಸ ಎರಡು ದಿನ!

ಕನ್ನಡಿಗರಾದ ನಮಗೆ ರಘುನಾಥಾಚಾರ್ಯರಲ್ಲಿ ವಿಶೇಷ ಪ್ರೀತಿ ಹುಟ್ಟುವುದಕ್ಕೆ ಇನ್ನೊಂದು ಕಾರಣವಿದೆ. ೧೮೭೪ರ ಡಿಸೆಂಬರ್ ೯ರಂದು ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಸಣ್ಣ ಕಪ್ಪು ಬೊಟ್ಟಿನಂತೆ ಹಾದುಹೋಗಲಿತ್ತು. ಭೂಮಿಯಿಂದ ಸೂರ್ಯನ ದೂರವನ್ನು (ಅದು ಸುಮಾರು ೯ ಕೋಟಿ ೩೦ಲಕ್ಷ ಮೈಲಿ) ನಿಷ್ಕರ್ಷೆಯಾಗಿ ತಿಳಿಯಲು ದೇಶದೇಶಗಳ ವಿದ್ವಾಂಸರು ಹಡಗು ಹತ್ತಿದ್ದರು. ರಘುನಾಥಾಚಾರ್ಯರು ಆ ಘಟನೆಯನ್ನು ವಿವರಿಸುವ ಪುಸ್ತಿಕೆ ಬರೆದು, ಇಂಗ್ಲಿಷಿನ ಜೊತೆಗೆ ದೇಶಭಾಷೆಗಳಲ್ಲಿಯೂ ಹೊರತಂದರು. ಅವುಗಳಲ್ಲಿ ಕನ್ನಡವೂ ಒಂದು. ಇಂಗ್ಲಿಷ್ ಪುಸ್ತಿಕೆ ಒಬ್ಬ ಸಿದ್ಧಾಂತಿಗೂ ಗ್ರಂಥಕರ್ತರಿಗೂ ನಡೆಯುವ ಸಂಭಾಷಣೆಯ ರೂಪದಲ್ಲಿದೆ. ಸಿದ್ಧಾಂತಿಯನ್ನು ಅವರು ಮೂರ್ಖನನ್ನಾಗಿ ಮಾಡಿಲ್ಲ. ತಮ್ಮ ಮನೆಯ ಹಿರಿಯರೊಡನೆ ಮಾತಾಡುವ ಹಾಗೆ ಒಂದೊಂದು ಮೆಟ್ಟಿಲಾಗಿ ಕರೆದುಕೊಂಡು ಹೋಗುತ್ತಾರೆ.

ಆ ಪುಸ್ತಿಕೆಗೆ ಅವರು ಕೊಟ್ಟ ಹೆಸರು 'ಶುಕ್ರಗ್ರಸ್ತ ಸೂರ್ಯಗ್ರಹಣ'. ಈ ಹೆಸರಿನ ಮುಂದೆ ತುಸು ನಿಲ್ಲಬೇಕು. ಗ್ರಸ್ತ ಎಂದರೆ ನುಂಗಲ್ಪಟ್ಟದ್ದು. ರಾಹುಗ್ರಸ್ತ, ಕೇತುಗ್ರಸ್ತ ಎಂದು ಪಂಚಾಂಗದಲ್ಲಿ ಓದಿದ ಪದ ಅದೇ. ಸೂರ್ಯನನ್ನು ಶುಕ್ರ ನುಂಗುತ್ತಾನೆಂದು ಈ ವೇಧಶಾಲೆಯ ಪಂಡಿತರು ನಂಬಿದ್ದರೆ? ಎಳ್ಳಷ್ಟೂ ಇಲ್ಲ, ಬಿಂಬದ ಮೇಲೆ ಬೊಟ್ಟು ಯಾವ ಗಳಿಗೆಗೆ ಬರುವುದೆಂದು ಗಣಿಸಿದವರು ಅವರೇ. ಆದರೂ ಕೇಳುವವರ ಮನೆಯಲ್ಲಿ ಬಳಕೆಯಲ್ಲಿದ್ದ ಪದವನ್ನೇ ಎತ್ತಿಕೊಂಡರು. ಪದವನ್ನು ಇದ್ದ ಹಾಗೆ ಬಿಟ್ಟು ಅಂಕಿಯನ್ನು ತಿದ್ದಿದರು. ಆದಿಕಾಂಡದ 'ದಿನ'ವನ್ನು ಯುಗವಾಗಿ ಹಿಗ್ಗಿಸಿದ ಮಿಲ್ಲರ್ ಮಾಡಿದ್ದು ಇದರ ತಿರುವು ಮುರುವು. ಸಂಪ್ರದಾಯದವರಿಂದ ಅವರಿಗೆ ವಿರೋಧ ಬಾರದೆ ಇರಲಿಲ್ಲ. ಪೂರ್ವಿಕರ ಅಂಕಿಯನ್ನು ಮುಟ್ಟುವುದು ಪೂರ್ವಿಕರನ್ನೇ ಮುಟ್ಟಿದಂತೆ ಎಂದು ತಿಳಿದವರಿಗೆ, ಆಕಾಶವನ್ನು ನೋಡಿ ತಿದ್ದಿಕೊಳ್ಳುವುದೂ ಪೂರ್ವಿಕರ ಪದ್ಧತಿಯೇ ಎಂದು ತೋರಿಸುತ್ತ ಅವರು ದುಡಿದರು. ೧೮೮೦ರ ಫೆಬ್ರವರಿಯಲ್ಲಿ ತೀರಿಕೊಂಡರು.

ಇಲ್ಲಿ ನಮ್ಮ ಇಂದಿನ ಒಂದು ಚಾಳಿಯ ಬಗ್ಗೆಯೂ ಹೇಳಿಬಿಡುವುದು ಲೇಸು. ಬ್ರಹ್ಮನ ಒಂದು ಹಗಲು, ಅಂದರೆ ಒಂದು ಕಲ್ಪ, ೪೩೨ ಕೋಟಿ ವರ್ಷ. ಭೂಮಿಯ ವಯಸ್ಸು ವಿಜ್ಞಾನಿಗಳ ಪ್ರಕಾರ ಸುಮಾರು ೪೫೪ ಕೋಟಿ. ನೋಡಿದಿರಾ, ನಮ್ಮವರಿಗೆ ಎಲ್ಲ ಮೊದಲೇ ಗೊತ್ತಿತ್ತು ಎಂದು ಸಭೆಗಳಲ್ಲಿ ಹೇಳಿದರೆ ಚಪ್ಪಾಳೆ ಬೀಳುತ್ತದೆ. ಕಲ್ಪದ ಅಂಕಿ ಗ್ರಹಗಳ ಸುತ್ತುಗಳನ್ನು ಭಿನ್ನರಾಶಿಯಿಲ್ಲದೆ ಕೂಡಿಸಲು ಅನುಕೂಲವಾದ ಒಂದು ಮಹಾಸಂಖ್ಯೆ. ಯಾರೂ ಬಂಡೆಯನ್ನು ಪರೀಕ್ಷಿಸಿ ಅದನ್ನು ಕಂಡುಹಿಡಿದದ್ದಲ್ಲ. ಅದು ಹೊಂದಿತೆಂದು ಹಿಗ್ಗುವವರು, ಅದೇ ಪುರಾಣಗಳು ಹೇಳುವ ಐವತ್ತು ಕೋಟಿ ಯೋಜನದ ಭೂಮಂಡಲ ಹೊಂದದಿದ್ದಾಗ ಏನು ಮಾಡಬೇಕು? ಪ್ರ್ಯಾಟ್ ಸಿಕ್ಕಿಕೊಂಡ ಬಲೆಯೇ ಇದು. ಸಹಸ್ರಾರು ವರ್ಷಗಳ ಕಾಲವನ್ನು ಭಯವಿಲ್ಲದೆ ಊಹಿಸಬಲ್ಲ ಮನಸ್ಸು ನಮ್ಮವರಿಗೆ ಇತ್ತು, ಆದ್ದರಿಂದ ಅರಿಯಲೂರಿನ ಶಂಖ ನಮ್ಮವರನ್ನು ಅಷ್ಟಾಗಿ ಕಂಗೆಡಿಸಲಿಲ್ಲ ಎಂದರೆ ಅದು ಸರಿಯಾದ ಮಾತು, ಅದರಾಚೆಗೆ ಹೋಗಬಾರದು.

ಮಕ್ಕಳ ಪ್ರಶ್ನೆ ಉಳಿಯಿತು. ಗ್ರಹಣದ ದಿನ ಅಜ್ಜಿ ದರ್ಭೆ ಹಾಕಿ ಉಪ್ಪಿನಕಾಯಿ ಜಾಡಿ ಮುಚ್ಚುತ್ತಾರೆ. ಶಾಲೆಯ ಟೀಚರು ನೆರಳಿನ ಚಿತ್ರ ಬರೆಸುತ್ತಾರೆ. ಮಗು ಸಂಜೆ ಬಂದು, "ರಾಹು ಇದ್ದಾನೋ ಇಲ್ಲವೋ?" ಎಂದು ಕೇಳಿದರೆ ಅಜ್ಜಿಯನ್ನು ಹಂಗಿಸುವುದೂ ಬೇಡ, ಟೀಚರನ್ನು ಅಲ್ಲಗಳೆಯುವುದೂ ಬೇಡ. ಸಿದ್ಧಾಂತಗ್ರಂಥಗಳಲ್ಲಿ ರಾಹು, ಕೇತುಗಳೆಂದರೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ಕತ್ತರಿಸುವ ಎರಡು ಬಿಂದುಗಳು ಎಂದು ಕಾಗದದ ಮೇಲೆ ಎರಡು ಬಳೆ ಬರೆದು ತೋರಿಸಬಹುದು. ಅಲ್ಲಿಗೆ ಚಂದ್ರ ಬಂದಾಗಲೇ ಗ್ರಹಣ, ಉಳಿದ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಲ್ಲ. ಸಮುದ್ರಮಥನದ ಕಥೆಯನ್ನು ಕಥೆಯಾಗಿ, ಅಜ್ಜಿಯ ಬಾಯಿಂದಲೇ ಕೇಳಲಿ.

ಪಂಚಾಂಗದ ವಿಷಯದಲ್ಲಿ ರಘುನಾಥಾಚಾರ್ಯರ ದಾರಿ ನಿಧಾನವಾಗಿಯಾದರೂ ಮುಂದುವರಿಯಿತು. ಸ್ವಾತಂತ್ರ್ಯಾನಂತರ ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಸಮಿತಿ ದೇಶದ ಪಂಚಾಂಗಗಳನ್ನೆಲ್ಲ ತರಿಸಿ ನೋಡಿತು. ೧೯೫೭ರ ಮಾರ್ಚ್ ೨೨ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂದಿತು. ಅದು ಮನೆಮನೆಯನ್ನು ಹೊಗಲಿಲ್ಲವೆಂಬುದು ನಿಜ. ಆದರೆ ಹಲವು ಪಂಚಾಂಗಕರ್ತರು ದೃಗ್ಗಣಿತಕ್ಕೆ ತಿರುಗಿದ್ದಾರೆ. ಶುಕ್ರನು ೨೦೦೪ರ ಜೂನ್ ೮ರಂದು, ಮತ್ತೆ ೨೦೧೨ರ ಜೂನ್ ೬ರಂದು ಸೂರ್ಯಬಿಂಬದ ಮೇಲೆ ಹಾದುಹೋದನು, ಇನ್ನು ೨೧೧೭ಕ್ಕೆ. ಅಂದು ನಮ್ಮ ಮೊಮ್ಮಕ್ಕಳ ಮಕ್ಕಳು ಯಾವ ಊರಿನಲ್ಲಿ ಇರುತ್ತಾರೋ ತಿಳಿಯದು. ಗೋಡೆಗೆ ತೂಗುಹಾಕಿರುವ ಈ ವರ್ಷದ ಪಂಚಾಂಗವನ್ನು ತೆಗೆದು ಗ್ರಹಣದ ಪುಟ ನೋಡಿ. ಸೂರ್ಯನೋ ಚಂದ್ರನೋ ಗ್ರಹಣ ಹಿಡಿದಂತೆಯೇ ಹುಟ್ಟಿದರೆ ಗ್ರಸ್ತೋದಯವೆಂದೂ, ಹಿಡಿದಂತೆಯೇ ಮುಳುಗಿದರೆ ಗ್ರಸ್ತಾಸ್ತವೆಂದೂ ಬರೆಯುವುದು ಇಂದಿಗೂ ವಾಡಿಕೆ. ಪಕ್ಕದಲ್ಲಿ ಗಂಟೆ, ನಿಮಿಷ ಅಚ್ಚಾಗಿರುತ್ತದೆ.